ಶಿಡ್ಲಘಟ್ಟದ ಕಡೆ ಒಂದು ಪ್ರಶ್ನೆ ಕೂಟ: ಮಕ್ಕಳನ್ನು ಕಳಿಸುವ ಮುನ್ನ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳ ಪ್ರಶ್ನೆ ಕೂಟ ನಡೆಯುತ್ತದೆ. "ಅಲ್ಲಿ ಏನು ಹೇಳಿಕೊಡ್ತಾರೆ?" ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳಿಬಿಡಬೇಕು: ಏನನ್ನೂ ಹೇಳಿಕೊಡುವುದಿಲ್ಲ. ಶ್ಲೋಕ ಬಾಯಿಪಾಠ ಇಲ್ಲ, ಕಥೆಯ ಕೊನೆಗೆ ನೀತಿ ಇಲ್ಲ, ಸ್ಟೇಜ್ ಭಯ ಹೋಗಿಸುವ ತರಬೇತಿ ಇಲ್ಲ, ಸರ್ಟಿಫಿಕೇಟೂ ಇಲ್ಲ. ಮಕ್ಕಳು ಸುತ್ತ ಕೂತು ತಾವೇ ಒಂದು ಪ್ರಶ್ನೆ ಆರಿಸಿಕೊಂಡು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಅದರ ಬೆನ್ನು ಹತ್ತುತ್ತಾರೆ. ಆ ಕೆಲಸವನ್ನು ಈ ಕೂಟ ಬಹುಪಾಲು ಚೆನ್ನಾಗಿ ಮಾಡಿಸುತ್ತದೆ. ಎರಡು ಕಡೆ ಎಡವುತ್ತದೆ, ಅದರಲ್ಲಿ ಒಂದು ಸಣ್ಣದಲ್ಲ. ನಡೆಸುವವರು ಊರಿನ ಹೆಸರು ಹಾಕುವುದು ಬೇಡ ಎಂದಿದ್ದಾರೆ, ಈಗಲೇ ಜಾಗ ಬಹುತೇಕ ತುಂಬಿದೆ.

ಹಣದ ವಿಷಯ ಬೇಗ ಮುಗಿಸೋಣ. ಕೂಟಕ್ಕೆ ಶುಲ್ಕ ಇಲ್ಲ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದ ನಂತರ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಆ ಕಾರ್ಡ್ ಇದ್ದರೆ ಸಾಕು. ಮನೆಗೆ ಒಯ್ಯುವ ಪ್ರಶ್ನೆ ಕಾರ್ಡುಗಳ ಚೀಲಕ್ಕೆ ₹100 ಠೇವಣಿ, ಚೀಲ ಹಿಂದಿರುಗಿಸಿದಾಗ ಹಣ ವಾಪಸ್. 7ರಿಂದ 10 ವರ್ಷದವರು ಒಂದು ಗುಂಪು, 11ರಿಂದ 14ರವರು ಇನ್ನೊಂದು. ಗುಂಪಿಗೆ ಹದಿನಾಲ್ಕು ಮಕ್ಕಳಿಗಿಂತ ಹೆಚ್ಚು ಸೇರಿಸುವುದಿಲ್ಲ, ಈ ಮಿತಿಯಲ್ಲಿ ಅವರು ಯಾರ ಮುಲಾಜಿಗೂ ಬಗ್ಗುವುದಿಲ್ಲ. ಅದು ಸರಿಯೇ. ಇಪ್ಪತ್ತು ಮಕ್ಕಳಾದರೆ ಒಬ್ಬೊಬ್ಬರಿಗೆ ಒಂದೂವರೆ ನಿಮಿಷದ ಮಾತೂ ದಕ್ಕುವುದಿಲ್ಲ, ಉಳಿದವರು ಕಾಲು ಅಲ್ಲಾಡಿಸಿಕೊಂಡು ಕಿಟಕಿ ನೋಡುತ್ತಾರೆ.

ಈ ಪದ್ಧತಿ ಇವರು ಹುಟ್ಟಿಸಿದ್ದಲ್ಲ. ಮಕ್ಕಳೊಂದಿಗೆ ತತ್ವಶಾಸ್ತ್ರ ಮಾಡಬಹುದು ಎಂದು ಅಮೆರಿಕದ ಮ್ಯಾಥ್ಯೂ ಲಿಪ್‌ಮನ್ 1960ರ ದಶಕದ ಕೊನೆಗೆ ಹೊರಟರು. ಆನ್ ಮಾರ್ಗರೆಟ್ ಶಾರ್ಪ್ ಜೊತೆ ಸೇರಿ 1974ರಲ್ಲಿ ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಸ್ಟೇಟ್ ಕಾಲೇಜಿನಲ್ಲಿ ಅದಕ್ಕೊಂದು ಸಂಸ್ಥೆ ಕಟ್ಟಿದರು. ಒಂದು ಕಥೆ ಅಥವಾ ವಸ್ತು, ಸ್ವಲ್ಪ ಮೌನ, ಮಕ್ಕಳದೇ ಪ್ರಶ್ನೆಗಳು, ಮತ, ಚರ್ಚೆ, ಕೊನೆಯ ಮಾತು: ಈ ಕ್ರಮ ಅಲ್ಲಿಂದ ಬೆಳೆದು ಬಂದದ್ದು. ಕೂಟದವರು ಇದನ್ನು ಇಲ್ಲಿನ ಮಣ್ಣಿಗೆ ತಕ್ಕಂತೆ ತಿದ್ದಿಕೊಂಡಿದ್ದಾರೆ. ಮೆಚ್ಚಬೇಕಾದ ಅಂಶಗಳು ಹೆಚ್ಚಾಗಿ ಆ ತಿದ್ದುಪಡಿಗಳಲ್ಲೇ ಇವೆ.

ದೊಡ್ಡ ಮಕ್ಕಳ ಒಂದು ಕೂಟ ಹೇಗೆ ಸಾಗುತ್ತದೆ ನೋಡಿ. ನಡುವೆ ಒಂದು ಬಿದಿರಿನ ತಟ್ಟೆ, ಅದರಲ್ಲಿ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ರೇಷ್ಮೆ ಹುಳುಗಳು. ಪಕ್ಕದಲ್ಲಿ ಬೊಗಸೆಯಷ್ಟು ಗೂಡು. ಒಂದು ಗೂಡನ್ನು ಬ್ಲೇಡಿನಲ್ಲಿ ಸೀಳಿ ಒಳಗಿನ ಕಂದು ಪ್ಯೂಪಾ (ಚಿಟ್ಟೆಯಾಗುವ ಮುಂಚಿನ ಹಂತ) ತೋರಿಸಿರುತ್ತಾರೆ. ಹತ್ತು ನಿಮಿಷ ಮುಟ್ಟಿ ನೋಡುವುದು, ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳುವುದು. ಈ ಸೀಮೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಹುಳು ಸಾಕುವ ಮನೆಯವರು, ಕೆಲವರು ನೂಲು ತೆಗೆಯುವ ರೀಲರುಗಳ ಮನೆಯವರು, ಹಾಗಾಗಿ ಮಾಹಿತಿ ಕೊಡಲು ದೊಡ್ಡವರು ಬೇಕಾಗುವುದಿಲ್ಲ. ಹುಳು ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಮೇಲೆ ಗೂಡು ಕಟ್ಟಿಸುವ ಚಂದ್ರಂಕಿ ತಟ್ಟೆಗೆ ಬಿಡುವುದು, ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವುದು, ರೀಲರ್ ಅದನ್ನು ಕುದಿಯುವ ನೀರಿಗೆ ಹಾಕಿ ಎಳೆ ಹಿಡಿಯುವುದು, ಒಂದು ಗೂಡಿನಲ್ಲಿ ಸಾವಿರ ಮೀಟರಿನ ಆಸುಪಾಸು ಒಂದೇ ಎಳೆ ಇರುವುದು, ಬಿಟ್ಟಿದ್ದರೆ ಇನ್ನೊಂದು ವಾರದೊಳಗೆ ಚಿಟ್ಟೆ ಗೂಡು ತೂತು ಮಾಡಿ ಹೊರಬಂದು ಎಳೆ ತುಂಡಾಗಿಬಿಡುವುದು. ಇವೆಲ್ಲ ಮಕ್ಕಳ ಬಾಯಿಂದಲೇ ಬರುತ್ತವೆ.

ಆಮೇಲೆ ಎರಡು ನಿಮಿಷ ಮೌನ, ಏಳು ನಿಮಿಷ ಇಬ್ಬಿಬ್ಬರು ಕೂತು ಒಂದು ಪ್ರಶ್ನೆ ಬರೆಯುವುದು. ಬಂದ ಪ್ರಶ್ನೆಗಳನ್ನು ಚಾರ್ಟಿನ ಮೇಲೆ ಮೂರು ಸಾಲಾಗಿ ಅಂಟಿಸುತ್ತಾರೆ: ನೋಡಿ ತಿಳಿಯುವುದು, ಬಲ್ಲವರನ್ನು ಕೇಳಿ ತಿಳಿಯುವುದು, ಕೂಡಿ ಯೋಚಿಸಬೇಕಾದದ್ದು. "ಹುಳಕ್ಕೆ ಎಷ್ಟು ಕಾಲು?" ಮೊದಲ ಸಾಲಿಗೆ. "ಬಿಸಿನೀರಿಗೆ ಹಾಕಿದಾಗ ಹುಳಕ್ಕೆ ನೋವಾಗುತ್ತಾ?" ಎರಡನೆಯದಕ್ಕೋ ಮೂರನೆಯದಕ್ಕೋ ಎಂದು ಸಣ್ಣ ಜಗಳವೇ ಆಗುತ್ತದೆ, ಆ ಜಗಳಕ್ಕೆ ಜಾಗ ಕೊಡುವುದು ಈ ಕೂಟದ ಜಾಣತನ. "ಸಾಕಿದವರಿಗೆ ಸಾಯಿಸೋ ಹಕ್ಕಿದೆಯಾ?" ನೇರ ಮೂರನೆಯದಕ್ಕೆ. ವಿಂಗಡಿಸುವ ಈ ಕೆಲಸಕ್ಕೆ ಎಂಟು ನಿಮಿಷವಾದರೂ ಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ ಉತ್ತರ ಪುಸ್ತಕದಲ್ಲಿರುವ ಪ್ರಶ್ನೆಯೇ ಗೆದ್ದು, ಚರ್ಚೆ ಐದು ನಿಮಿಷಕ್ಕೆ ಕೊನೆಯಾಗುತ್ತದೆ. ಶಾಲೆಗಳಲ್ಲಿ ಇದೇ ಚಟುವಟಿಕೆ ಸೋಲುವುದು ಬಹುತೇಕ ಇಲ್ಲೇ.

ಮತ ಹಾಕುವುದು ಹುಣಸೆ ಬೀಜದಿಂದ. ಪ್ರತಿ ಪ್ರಶ್ನೆಯ ಮುಂದೆ ಒಂದು ತೆಂಗಿನ ಚಿಪ್ಪು, ಚಿಪ್ಪುಗಳೆಲ್ಲ ಒಂದು ರಟ್ಟಿನ ಮರೆಯ ಹಿಂದೆ. ಒಬ್ಬೊಬ್ಬರೇ ಹೋಗಿ ಒಂದು ಬೀಜ ಹಾಕಿ ಬರಬೇಕು. ಎಲ್ಲರೆದುರು ಕೈ ಎತ್ತಿಸಿದರೆ ಚಿಕ್ಕವರು ಜೋರು ಮಾತಿನವರ ಮುಖ ನೋಡಿ ಕೈ ಎತ್ತುತ್ತಾರೆ, ಬರೆದವರಿಬ್ಬರಷ್ಟೇ ಒಪ್ಪಿದ ಒಳ್ಳೆಯ ಪ್ರಶ್ನೆ ಅಲ್ಲೇ ಸಾಯುತ್ತದೆ.

ಚರ್ಚೆಯಲ್ಲೂ ಬೀಜವೇ ಸಾಧನ. ತಲೆಗೆ ಮೂರು ಬೀಜ, ಒಂದು ಸಲ ಮಾತಾಡಿದರೆ ಒಂದು ಬೀಜ ನಡುವೆ ಇಡಬೇಕು. ಇದರ ತೊಂದರೆ ಏನೆಂದರೆ ಚುರುಕು ಮಕ್ಕಳು ಮೊದಲ ಐದು ನಿಮಿಷದಲ್ಲೇ ಮೂರನ್ನೂ ಕಳೆದುಕೊಂಡು ಮುಖ ಉಬ್ಬಿಸುತ್ತಾರೆ, ಸಂಕೋಚದ ಮಗುವಿನ ಮುಂದೆ ಮೂರು ಬೀಜ ಹಾಗೇ ಉಳಿದು ಎಲ್ಲರ ಕಣ್ಣೂ ಅದರ ಮೇಲೆ ಬೀಳುತ್ತದೆ. ಕೂಟದವರು ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ. ಅರ್ಧ ಸಮಯಕ್ಕೆ ಬೀಜ ಮತ್ತೆ ಹಂಚುತ್ತಾರೆ. ಬೇರೆಯವರನ್ನು ಪ್ರಶ್ನೆ ಕೇಳುವುದಕ್ಕೆ ಬೀಜ ಖರ್ಚಾಗುವುದಿಲ್ಲ, ತನ್ನ ಅಭಿಪ್ರಾಯ ಹೇಳುವುದಕ್ಕೆ ಮಾತ್ರ ಖರ್ಚು. ಈ ಎರಡನೇ ನಿಯಮದಿಂದ ಮಾತುಗಾರ ಮಕ್ಕಳು ತಾವಾಗಿ ಕೇಳುವವರಾಗುತ್ತಾರೆ. ಬೀಜ ಉಳಿದ ಮಗುವನ್ನು "ನೀನೂ ಹೇಳು" ಎಂದು ಯಾರೂ ಒತ್ತಾಯ ಮಾಡುವುದಿಲ್ಲ.

ರೇಷ್ಮೆಯ ಕೂಟದಲ್ಲಿ ಮಾತು ಹೋದ ದಾರಿ ಇದು. ಹುಳು ಸಾಕುವ ಮನೆಯ ಹುಡುಗಿಯೊಬ್ಬಳು, "ನಾವು ಸಾಯಿಸಲ್ಲ, ನಾವು ಬರೀ ಮಾರ್ತೀವಿ" ಎಂದಳು. ಎದುರಿಗಿದ್ದ ಹುಡುಗ, "ಸಾಯ್ತದೆ ಅಂತ ಗೊತ್ತಿದ್ದೂ ಮಾರಿದ್ರೆ?" ಎಂದ. ನಡೆಸುವವರು ಇಬ್ಬರಿಗೂ ಸರಿ ತಪ್ಪು ಹೇಳದೆ, "ಗೊತ್ತಿದ್ದು ಮಾರಿದವರ ಪಾಲು, ಕೈಯಾರೆ ಮಾಡಿದವರ ಪಾಲು ಒಂದೇನಾ?" ಎಂದು ಮಾತ್ರ ಕೇಳಿದರು. ಅಲ್ಲಿಂದ ಮಾತು ಸೀರೆ ಉಟ್ಟವರವರೆಗೆ ಹೋಯಿತು. ಇನ್ನೊಬ್ಬಳು, "ಬಿಟ್ಟರೂ ಆ ಚಿಟ್ಟೆ ಹಾರಲ್ಲ, ಹೊರಗೆ ಬದುಕಲ್ಲ" ಎಂದಳು. ಅದು ನಿಜ. ಸಾವಿರಾರು ವರ್ಷ ಸಾಕಿದ್ದರಿಂದ ಹಿಪ್ಪುನೇರಳೆ ರೇಷ್ಮೆಯ ಚಿಟ್ಟೆಗೆ ಹಾರುವ ಶಕ್ತಿಯೇ ಉಳಿದಿಲ್ಲ. "ಹಂಗಾದ್ರೆ ಅದನ್ನ ಹಂಗೆ ಮಾಡಿದ್ದು ಯಾರು?" ಎಂದು ಮೊದಲಿನ ಹುಡುಗ ಕೇಳಿದಾಗ ಕೋಣೆಯಲ್ಲಿ ಯಾರೂ ತಕ್ಷಣ ಉತ್ತರಿಸಲಿಲ್ಲ, ನಡೆಸುವವರೂ ಬಾಯಿ ಹಾಕಲಿಲ್ಲ.

ಆ ಬಾಯಿ ಹಾಕದಿರುವಿಕೆ ಕಲಿತು ಬರುವ ವಿದ್ಯೆ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನೊಳಗೇ ಮತ್ತೆ ಮಾತಾಡಿಬಿಡುತ್ತಾರೆ, ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವೂ ಆಗುತ್ತದೆ, ಕಾರಣ ಸಮೇತವೂ ಬರುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇಲ್ಲಿ ನಡೆಸುವವರು ಮನಸ್ಸಿನಲ್ಲೇ ಐದು ಎಣಿಸುತ್ತಾರೆ. "ಶಭಾಷ್", "ಕರೆಕ್ಟ್", "ವೆರಿ ಗುಡ್" ಎನ್ನುವುದಿಲ್ಲ. ಒಂದು ಶಭಾಷ್ ಬಿದ್ದರೆ ಮುಂದಿನ ಹದಿಮೂರು ಮಕ್ಕಳೂ ಅದೇ ಉತ್ತರದ ಹಿಂದೆ ಓಡುತ್ತಾರೆ. ಅವರ ಬಾಯಲ್ಲಿ ಬರುವುದು ನಾಲ್ಕೇ ಮಾತು: ಯಾಕೆ ಹಾಗನ್ನಿಸಿತು? ಎಲ್ಲಾ ಸಲವೂ ಹಾಗೇನಾ? ಹಾಗಲ್ಲದ ಒಂದು ಉದಾಹರಣೆ ಯಾರಿಗಾದರೂ ಹೊಳೆಯುತ್ತಾ? ಈಗ ಅವನು ಹೇಳಿದ್ದನ್ನ ನಿನ್ನ ಮಾತಲ್ಲಿ ಹೇಳ್ತೀಯಾ? ಮನೆಯಲ್ಲಿ ಪ್ರಯತ್ನಿಸುವವರಿಗೂ ಈ ನಾಲ್ಕು ಸಾಕು. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಮಕ್ಕಳು ಮೊದಲು ತಮ್ಮ ಮನೆಮಾತಿನಲ್ಲೇ ಹೇಳಲಿ ಎಂದು ಬಿಡುತ್ತಾರೆ, ಪಕ್ಕದವರು ಕನ್ನಡದಲ್ಲಿ ಹೇಳುತ್ತಾರೆ. ಇದರಿಂದ ವೇಗ ತಗ್ಗುತ್ತದೆ, ಆದರೆ ಯಾರೂ ಹೊರಗುಳಿಯುವುದಿಲ್ಲ.

ರೇಷ್ಮೆಯ ಅದೇ ಕೂಟದಲ್ಲಿ ಒಂದು ಎಡವಟ್ಟೂ ಆಯಿತು. ಸಾಯಿಸುವುದು ರೀಲರ್ ಎಂಬ ಮಾತು ಮೂರು ಸಲ ಬಂದಾಗ ರೀಲರ್ ಮನೆಯ ಹುಡುಗ ತಲೆ ತಗ್ಗಿಸಿ ಸುಮ್ಮನಾದ. ಇಂಥ ವಿಷಯ ಎತ್ತಿಕೊಳ್ಳುವಾಗ ಮೊದಲೇ ಮೊಟ್ಟೆಯಿಂದ ಸೀರೆಯವರೆಗಿನ ಎಲ್ಲ ಕೈಗಳನ್ನೂ ಬೋರ್ಡಿನ ಮೇಲೆ ಬರೆದುಬಿಡಬೇಕು: ಮೊಟ್ಟೆ ತಯಾರಿಸುವವರು, ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರ, ಸಾಕುವವರು, ಹರಾಜಿನ ಮಾರುಕಟ್ಟೆ, ರೀಲರ್, ಬಣ್ಣ ಹಾಕುವವರು, ನೇಕಾರರು, ಅಂಗಡಿ, ಉಡುವವರು. ಮೊಟ್ಟೆಗೆಂದು ಹೊರಬರಲು ಬಿಟ್ಟ ತಾಯಿ ಚಿಟ್ಟೆಯನ್ನೂ ಮೊಟ್ಟೆ ಇಟ್ಟ ಮೇಲೆ ಅರೆದು, ತಾಯಿಯಿಂದ ಮೊಟ್ಟೆಗೆ ದಾಟುವ ಪೆಬ್ರಿನ್ ರೋಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 19ನೇ ಶತಮಾನದಲ್ಲಿ ಲೂಯಿ ಪಾಶ್ಚರ್ ಹಾಕಿಕೊಟ್ಟ ಕ್ರಮ ಇದು. ಈ ವಿವರ ಸೇರಿಸಿದರೆ ಯಾವ ಒಂದು ಮನೆಯ ಮೇಲೂ ಭಾರ ಬೀಳುವುದಿಲ್ಲ, ಪ್ರಶ್ನೆಯೂ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ನಡೆಸುವವರಿಗೆ ಇದನ್ನು ಹೇಳಿದಾಗ ಒಪ್ಪಿಕೊಂಡರು.

ಎರಡನೇ ಕೊರತೆ ಗಂಭೀರವಾದದ್ದು. ನ್ಯಾಯದ ಬಗ್ಗೆ ನಡೆದ ಕೂಟದಲ್ಲಿ ಒಬ್ಬಳು, "ಕೆಲವರನ್ನ ಮನೆ ಒಳಗೆ ಕರೆಯಲ್ವಲ್ಲ, ಅದು ಯಾಕೆ?" ಎಂದು ಬರೆದಿದ್ದಳು. ಆ ಚೀಟಿಯನ್ನು "ಇನ್ನೊಂದು ದಿನ ನೋಡೋಣ" ಎಂದು ಪಕ್ಕಕ್ಕಿಟ್ಟರು. ಇನ್ನೊಂದು ದಿನ ಬರಲಿಲ್ಲ. ಊರಿನಲ್ಲಿ ನಾಳೆ ಮಾತಾಗುತ್ತದೆ ಎಂಬ ಅಂಜಿಕೆ ಅರ್ಥವಾಗುತ್ತದೆ, ಆದರೆ ಮಕ್ಕಳು ಆ ಪಕ್ಕಕ್ಕಿಡುವಿಕೆಯನ್ನೇ ಉತ್ತರವಾಗಿ ಓದಿಕೊಳ್ಳುತ್ತಾರೆ. ಇಲ್ಲಿ ಒಂದು ತಿಳಿವಳಿಕೆ ಬೇಕು. ಎಲ್ಲ ಪ್ರಶ್ನೆಗೂ ಎರಡು ಸಮ ಪಕ್ಷಗಳಿರುವುದಿಲ್ಲ. ಅಸ್ಪೃಶ್ಯತೆ ಸರಿಯೇ ತಪ್ಪೇ ಎಂದು ಮತಕ್ಕೆ ಹಾಕುವಂತಿಲ್ಲ, ಸಂವಿಧಾನದ 17ನೇ ವಿಧಿ ಅದನ್ನು ತೊಡೆದು ಹಾಕಿದೆ, ಆಚರಿಸುವುದು ಅಪರಾಧ. ಹಾಗೆಂದು ಮಾತೇ ಬೇಡ ಎಂದಲ್ಲ. ತಪ್ಪೆಂದು ಎಲ್ಲರಿಗೂ ಗೊತ್ತಿರುವುದು ಯಾಕೆ ಇನ್ನೂ ನಡೆಯುತ್ತದೆ, ನೋಡಿಯೂ ಸುಮ್ಮನಿದ್ದವರ ಪಾಲೆಷ್ಟು, ಅಜ್ಜಿಯ ಮೇಲೆ ಪ್ರೀತಿ ಇಟ್ಟುಕೊಂಡೇ ಅಜ್ಜಿ ಮಾಡುವುದು ತಪ್ಪು ಎನ್ನಬಹುದೇ, ಇವು ನಿಜಕ್ಕೂ ಕೂಡಿ ಯೋಚಿಸಬೇಕಾದವು. ಇದನ್ನು ನಡೆಸಲು ಮೂರು ಎಚ್ಚರ ಸಾಕು. ಕೂತಿರುವ ಯಾವ ಮಗುವಿನ ಮನೆಯನ್ನೂ ಉದಾಹರಣೆ ಮಾಡಬಾರದು. ಊರು, ಹೆಸರು ಬದಲಿಸಿದ ಒಂದು ಕಥೆಯಿಂದ ಶುರು ಮಾಡಬೇಕು. ಕಾನೂನು ಏನು ಹೇಳುತ್ತದೆ ಎಂಬುದನ್ನು ಚರ್ಚೆಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಬೇಕು. ಇದನ್ನು ಮಾಡುವ ಶಕ್ತಿ ಈ ಕೂಟಕ್ಕಿದೆ ಎಂಬ ನಂಬಿಕೆಯಿಂದಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇವೆ.

ಮನೆಗೆ ಕೊಡುವ ಚೀಲದಲ್ಲಿ 24 ಕಾರ್ಡು, ಒಂದು ಪೊಟ್ಟಣ ಹುಣಸೆ ಬೀಜ, ಎರಡು ಪುಟದ ಸೂಚನೆ ಇವೆ. ಕಾರ್ಡುಗಳಲ್ಲಿ ಒಳ್ಳೆಯವು ಬಹಳ ಒಳ್ಳೆಯವು. "15 ಕೆಜಿ ಟೊಮೆಟೊ ಬಾಕ್ಸಿನಲ್ಲಿ ಒಳ್ಳೆ ಹಣ್ಣು ಮೇಲೆ, ಗಾಯದ ಹಣ್ಣು ಕೆಳಗೆ ಇಡುವುದು ವ್ಯಾಪಾರವೋ ಮೋಸವೋ? ಎಲ್ಲರೂ ಹಾಗೇ ಇಡುತ್ತಾರೆ ಎಂದು ಕೊಳ್ಳುವವರಿಗೂ ಗೊತ್ತಿದ್ದರೆ?" ಚಿಂತಾಮಣಿ, ಕೋಲಾರದ ಕಡೆಯ ಯಾವ ಮಗುವಿಗೂ ಇದರ ಹಿನ್ನೆಲೆ ವಿವರಿಸಬೇಕಿಲ್ಲ. "ಅಜ್ಜನ ಕಾಯಿಲೆ ದೊಡ್ಡದು ಎಂದು ಡಾಕ್ಟರು ಹೇಳಿದ್ದಾರೆ. ಅಜ್ಜನಿಗೆ ಹೇಳಬೇಕೇ? ಅಜ್ಜನೇ ಕೇಳಿದರೆ?" ಇದನ್ನು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ಹೊತ್ತಿನಲ್ಲಿ ತೆಗೆಯಬೇಡಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಾರಲ್ಲ, ಅದರ ಮೇಲಿನ ಕಾರ್ಡು ದೊಡ್ಡ ಮಕ್ಕಳಿಗೆ ಹೇಳಿ ಮಾಡಿಸಿದ್ದು: ಬೇರೆ ದಾರಿ ಇಲ್ಲದವರು ಒಪ್ಪಿಕೊಂಡದ್ದನ್ನು ಒಪ್ಪಿಗೆ ಎನ್ನಬಹುದೇ?

ಚಿಕ್ಕವರ ಕಾರ್ಡುಗಳಲ್ಲಿ ಲೋಟದ ಪ್ರಶ್ನೆ ಗಟ್ಟಿಯಾದದ್ದು. ಬಾಗಿಲು ತಳ್ಳಿದಾಗ ಹಿಂದಿದ್ದ ಹದಿನೈದು ಲೋಟ ಗೊತ್ತಿಲ್ಲದೆ ಒಡೆದವನು, ಕದ್ದು ತಿನ್ನಲು ಹೋಗಿ ಒಂದು ಲೋಟ ಒಡೆದವನು, ಯಾರ ತಪ್ಪು ಹೆಚ್ಚು? ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದದ್ದು ಇದು. ತೀರಾ ಚಿಕ್ಕವರು ಹದಿನೈದರ ಕಡೆ ವಾಲುತ್ತಾರೆ, ಬೆಳೆದಂತೆ ಉದ್ದೇಶವನ್ನು ನೋಡುತ್ತಾರೆ. ಹಾಗಾಗಿ ಏಳರವರೂ ಹತ್ತರವರೂ ಒಟ್ಟಿಗೆ ಕೂತರೆ ಗುಂಪು ತಾನಾಗಿ ಎರಡಾಗುತ್ತದೆ, ಒಬ್ಬರಿಗೊಬ್ಬರು ವಿವರಿಸಲೇಬೇಕಾಗುತ್ತದೆ.

ಐದಾರು ಕಾರ್ಡು ಮಾತ್ರ ತೆಗೆದಿಟ್ಟರೆ ಒಳ್ಳೆಯದು. "ಸುಳ್ಳು ಹೇಳುವುದು ತಪ್ಪೇ?" ಎಂಬಂಥವು. ಮಗುವಿಗೆ ಯಾವ ಉತ್ತರ ಬೇಕೆಂದು ಗೊತ್ತು, "ತಪ್ಪು" ಎನ್ನುತ್ತದೆ, ಮುಗಿಯಿತು. ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕಥೆ ಆಧರಿಸಿದ ಕಾರ್ಡಿಗೂ ಇದೇ ಗತಿ. ಮುದ್ದೇನಹಳ್ಳಿ ಇಲ್ಲೇ ಇದೆ, ಸರ್ಕಾರಿ ಕೆಲಸಕ್ಕೆ ಒಂದು ಬತ್ತಿ, ಸ್ವಂತದ್ದಕ್ಕೆ ಇನ್ನೊಂದು ಎಂದು ಹೇಳಿಕೊಂಡು ಬಂದ ಕಥೆ ಮಕ್ಕಳೆಲ್ಲರಿಗೂ ಬಾಯಿಪಾಠ. ಕಥೆಯಲ್ಲಿ ಉತ್ತರ ಮೊದಲೇ ಕೂತಿರುವುದರಿಂದ ಯೋಚಿಸಲು ಏನೂ ಉಳಿಯುವುದಿಲ್ಲ. ಅದನ್ನೇ ಸ್ವಲ್ಪ ತಿರುಗಿಸಿದರೆ ಜೀವ ಬರುತ್ತದೆ: ಅಂಗನವಾಡಿ ಟೀಚರ್ ತಮ್ಮ ಫೋನನ್ನು ಅಂಗನವಾಡಿಯ ಕರೆಂಟಿನಲ್ಲಿ ಚಾರ್ಜ್ ಮಾಡಬಹುದೇ? ಆ ಫೋನಿನಲ್ಲೇ ಅಂಗನವಾಡಿಯ ಕೆಲಸವನ್ನೂ ಮಾಡುತ್ತಿದ್ದರೆ? ಹೀಗೆ "ಆದರೆ?" ಎಂಬ ಎರಡನೇ ಸಾಲು ಇಲ್ಲದ ಕಾರ್ಡಿಗೆ ಅದನ್ನು ನೀವೇ ಸೇರಿಸಿಕೊಳ್ಳಿ. ಮನೆಯಲ್ಲಿ ವಾರಕ್ಕೆ ಒಂದು ಕಾರ್ಡು, ಹದಿನೈದು ನಿಮಿಷ, ಅಷ್ಟೇ. ಮಗು ಏನಾದರೂ ತಪ್ಪು ಮಾಡಿ ಸಿಕ್ಕಿಬಿದ್ದ ದಿನ ಚೀಲ ಮುಟ್ಟಬೇಡಿ, ಆ ದಿನ ಪ್ರಶ್ನೆಯೆಲ್ಲ ವಿಚಾರಣೆಯಾಗಿ ಕೇಳಿಸುತ್ತದೆ.

"ಇದರಿಂದ ಮಕ್ಕಳು ಎದುರು ಮಾತಾಡೋದು ಕಲೀತಾರೆ" ಎಂಬ ಆಕ್ಷೇಪ ಕೆಲವು ಪೋಷಕರದು. ಎದುರು ಮಾತಿಗೂ ಕಾರಣ ಕೇಳುವುದಕ್ಕೂ ಇರುವ ಅಂತರವನ್ನು ಈ ಕೂಟ ಅಭ್ಯಾಸ ಮಾಡಿಸುತ್ತದೆ. "ನಾನು ಒಪ್ಪಲ್ಲ" ಎಂದವರು "ಯಾಕೆಂದರೆ" ಸೇರಿಸಲೇಬೇಕು, ಅದಕ್ಕೆ ಮೊದಲು ಎದುರಿನವರ ಮಾತನ್ನು ಅವರು ಒಪ್ಪುವಂತೆ ಒಮ್ಮೆ ಹೇಳಿ ತೋರಿಸಬೇಕು. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದವರು. ವಿನಯವನ್ನೂ ಪ್ರಶ್ನೆಯನ್ನೂ ಒಟ್ಟಿಗೆ ಇಟ್ಟುಕೊಂಡವರು ನಮ್ಮ ಸೀಮೆಯಲ್ಲೇ ಇದ್ದರು.

ಅಂಕ ಹೆಚ್ಚಾಗುತ್ತದೆಯೇ ಎಂದೂ ಕೇಳುತ್ತಾರೆ. 2015ರಲ್ಲಿ ವರದಿಯಾದ ಇಂಗ್ಲೆಂಡಿನ 48 ಶಾಲೆಗಳ ಪ್ರಯೋಗದಲ್ಲಿ ಇಂಥ ಚರ್ಚೆಯಿಂದ ಓದು ಮತ್ತು ಗಣಿತದಲ್ಲಿ ಸ್ವಲ್ಪ ಪ್ರಗತಿ ಕಂಡಿತ್ತು, 2021ರ ಇನ್ನೂ ದೊಡ್ಡ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಅಂಕಕ್ಕಾಗಿ ಕಳಿಸುವುದಾದರೆ ಬೇಡ. ಬೇರೆಯವರ ಮಾತು ಕೇಳಿ, ಕಾರಣ ತೂಗಿ, ಬೇಕಾದರೆ ತನ್ನ ಅಭಿಪ್ರಾಯ ಬದಲಿಸಿಕೊಳ್ಳುವ ಮಗು ಬೇಕು ಎನ್ನುವವರು ಕಳಿಸಿ. ಕೂಟದ ಕೊನೆಯ ಸುತ್ತಿನಲ್ಲಿ ಪ್ರತಿ ಮಗುವೂ "ಮೊದಲು ಹೀಗಂದುಕೊಂಡಿದ್ದೆ, ಈಗ..." ಎಂದು ಒಂದು ವಾಕ್ಯ ಹೇಳುತ್ತದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ ಎನ್ನುವುದಕ್ಕೂ ಅಲ್ಲಿ ಅಷ್ಟೇ ಮರ್ಯಾದೆ.

ಹೋಗುವವರಿಗೆ ಕೆಲವು ಸೂಚನೆ. ಚಿಕ್ಕವರ ಗುಂಪು ಹತ್ತೂವರೆಗೆ, ದೊಡ್ಡವರದು ಹನ್ನೊಂದೂವರೆಗೆ. ತಡವಾಗಿ ಬಂದವರನ್ನು ಮತ ಮುಗಿಯುವವರೆಗೆ ಹೊರಗೆ ಕೂರಿಸುತ್ತಾರೆ. ಪೋಷಕರಿಗೆ ಜಗಲಿಯಲ್ಲಿ ಜಾಗ, ಒಳಗೆ ಇಲ್ಲ. ಹಿಂದಿನಿಂದ ಪಿಸುಗುಟ್ಟಿ ಉತ್ತರ ಹೇಳಿಕೊಡುವುದನ್ನು ತಡೆಯಲು ಬೇರೆ ಉಪಾಯ ಸಿಕ್ಕಿಲ್ಲವಂತೆ. ಶೌಚಾಲಯ ಪಕ್ಕದ ಶಾಲೆಯಲ್ಲಿದೆ, ಬೀಗದ ಕೈ ಗ್ರಂಥಪಾಲಕರ ಬಳಿ. ಕುಡಿಯುವ ನೀರು ತೆಗೆದುಕೊಂಡು ಹೋಗಿ. ಊರಿನಲ್ಲಿ ಹುಳು ಹಣ್ಣಾಗುವ ವಾರ ಅರ್ಧ ಮಕ್ಕಳು ಮನೆಕೆಲಸದಲ್ಲಿರುವುದರಿಂದ ಕೂಟ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಶನಿವಾರ ಸಂಜೆ ಗ್ರಂಥಾಲಯದ ಬೋರ್ಡ್ ನೋಡಿ ಅಥವಾ ವಿಚಾರಿಸಿ ಹೊರಡಿ. ಈಗ ದೊಡ್ಡವರ ಗುಂಪು ಭರ್ತಿಯಾಗಿದೆ, ಚಿಕ್ಕವರಲ್ಲಿ ಮೂರು ಜಾಗ ಖಾಲಿ ಇವೆ.